ಅಳಿಲು ಸೇವೆ: ಯಾರೂ ಆರಿಸದ ಪೊಕೆಮಾನ್‌ಗಳಿಗೆ ಅಖಾಡದಲ್ಲಿ ಜಾಗ ಇದೆಯೇ?

ಗುಮ್ಮಟದ ಪಿಸುಮಾತು (ವಿಜಯಪುರ), ಸೋಮವಾರ ರಾತ್ರಿ

ಬರುವ ಭಾನುವಾರ ತಿಲಕವಾಡಿಯಲ್ಲಿ ಕುಂದಾ ಅಕ್ಕನ ಮನೆಯ ಮಹಡಿಯ ಮೇಲೆ ನಾವು ಒಂಬತ್ತು ಜನ ಸೇರುವುದು ಗಟ್ಟಿಯಾಗಿದೆ. ಶೋಡೌನ್ ಎಂಬ ಆನ್‌ಲೈನ್ ಪೊಕೆಮಾನ್ ಅಖಾಡದಲ್ಲಿ ಡಬಲ್ಸ್ (ಒಂದೊಂದು ಕಡೆ ಇಬ್ಬಿಬ್ಬರು), ಆರರಲ್ಲಿ ನಾಲ್ಕು ಆರಿಸುವುದು, ಮೂರು ಆಟಗಳ ಪಂದ್ಯ. ತಂಡ ಕಟ್ಟಲು ಕುಳಿತರೆ ಕೈ ತಾನಾಗಿ ಇನ್‌ಸಿನೆರೋರ್ ಕಡೆಗೆ ಹೋಗುತ್ತದೆ, ಅದರ ಬೆನ್ನಿಗೆ ಅಮೂಂಗಸ್, ಅದರ ಬೆನ್ನಿಗೆ ರೇಜಿಂಗ್ ಬೋಲ್ಟ್. ಕಳೆದ ಸಲ ಒಂಬತ್ತು ತಂಡಗಳಲ್ಲಿ ಎಂಟರಲ್ಲಿ ಇನ್‌ಸಿನೆರೋರ್ ಇತ್ತು. ಯಾವ ಮದುವೆಗೆ ಹೋದರೂ ಅದೇ ಬುಂದಿ, ಅದೇ ಬದನೆಕಾಯಿ ಪಲ್ಯ ಬಡಿಸಿದ ಹಾಗೆ. ಬದನೆಕಾಯಿ ರುಚಿಯಾಗಿಯೇ ಇರುತ್ತದೆ, ಆ ಮಾತು ಬೇರೆ.

ಈ ಸಲ ನಾನು ಪಚಿರಿಸು ತರುತ್ತಿದ್ದೇನೆ. ನಗುವವರು ನಕ್ಕುಬಿಡಿ, ಆಮೇಲೆ ಮುಂದೆ ಓದಿ.

2014ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಗೆದ್ದವರು ದಕ್ಷಿಣ ಕೊರಿಯಾದ ಸೆ ಜುನ್ ಪಾರ್ಕ್. ಅವರ ತಂಡದಲ್ಲಿ ಮೆಗಾ ಗ್ಯಾರಡೋಸ್, ಗಾರ್ಚೊಂಪ್, ಟಾಲನ್‌ಫ್ಲೇಮ್, ಗಾರ್ಡೆವಾರ್, ಗೊತಿಟೆಲ್ ಇದ್ದವು. ಇವುಗಳ ನಡುವೆ ಒಂದು ಬಿಳಿ ಅಳಿಲು. ಅದೇ ಪಚಿರಿಸು. ಎಲ್ಲ ಅಂಕಗಳನ್ನು ಕೂಡಿಸಿದರೂ ಅದರ ಮೂಲ ಮೊತ್ತ 405. ದಾಳಿಯ ಅಂಕ ಬರೀ 45. ಯಾರೂ ಕಣ್ಣೆತ್ತಿ ನೋಡುವ ಪ್ರಾಣಿಯಲ್ಲ. ಆದರೆ ಅದರ ಕೆಲಸವನ್ನು ನೋಡಿ. ಫಾಲೋ ಮಿ ಎಂಬ ಮೂವ್ ಹಾಕಿದರೆ ಎದುರಾಳಿಗಳು ಒಂದೇ ಗುರಿಗೆ ಬಿಟ್ಟ ಏಟುಗಳೆಲ್ಲ ಅದರ ಮೈಮೇಲೆ ಬೀಳುತ್ತವೆ. ವೋಲ್ಟ್ ಅಬ್ಸಾರ್ಬ್ ಅದರ ಹುಟ್ಟುಗುಣ. ಮಿಂಚಿನ ಏಟು ತಾಗಿದರೆ ನೋವಾಗುವ ಬದಲು ಎಚ್‌ಪಿಯ (ಜೀವದ ಅಂಕದ) ಕಾಲು ಭಾಗ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತ ಗ್ಯಾರಡೋಸ್ ಮೆಗಾ ರೂಪ ತಾಳುವ ಮುನ್ನ ನೀರು ಮತ್ತು ಹಾರುವ ಟೈಪ್, ಅದಕ್ಕೆ ಮಿಂಚು ತಾಗಿದರೆ ನಾಲ್ಕು ಪಟ್ಟು ಪೆಟ್ಟು. ಗ್ಯಾರಡೋಸ್‌ನ ಯಮ ಅಳಿಲಿಗೆ ಊಟ!

ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಬೆನ್ನನ್ನು ರಾಮ ಸವರಿದ ಕಥೆ ಎಲ್ಲರಿಗೂ ಗೊತ್ತು. ಈ ಅಳಿಲಿನ ಬೆನ್ನ ಮೇಲೂ ಗೆರೆ ಇದೆ, ನೀಲಿ ಗೆರೆ. ಯಾರು ಸವರಿದರೋ ತಿಳಿಯದು.

ಪ್ರಶ್ನೆ ಇಷ್ಟೇ. ಇಂತಹ ಮೂಲೆಗುಂಪಾದ ಪೊಕೆಮಾನ್ ಅಥವಾ ಯಾರೂ ಆಡದ ತಂತ್ರ ನಿಮ್ಮ ಕೈಯಲ್ಲಿ ಯಾವುದು ಕೆಲಸ ಮಾಡಿದೆ? ಯಾವುದು ಮಣ್ಣು ಮುಕ್ಕಿಸಿದೆ? ಎರಡನ್ನೂ ಬರೆಯಿರಿ.

ಮುಧೋಳದ ಬೇಟೆ (ಬಾಗಲಕೋಟೆ, ನವನಗರ)

ಅಣ್ಣ, ಒಂದು ಸಲ ಗೆದ್ದ ಅಳಿಲಿನ ಹೆಸರಿನಲ್ಲಿ ಇನ್ನೆಷ್ಟು ವರ್ಷ ಜಾತ್ರೆ ಮಾಡುತ್ತೀರಿ? ಆಮೇಲೆ ಎಷ್ಟು ವಿಶ್ವ ಚಾಂಪಿಯನ್‌ಶಿಪ್‌ಗಳು ಬಂದು ಹೋದವು, ಪಚಿರಿಸುವಿನ ಸುದ್ದಿ ಎಲ್ಲಿದೆ? ಅದೂ ಅಲ್ಲದೆ 2014ರ ನಿಯಮದಲ್ಲಿ ಆಗಿನ ಆಟದ ಕಾಲೋಸ್ ಪ್ರದೇಶದ ಪಟ್ಟಿಯಲ್ಲಿದ್ದ ಪೊಕೆಮಾನ್‌ಗಳಿಗೆ ಮಾತ್ರ ಪ್ರವೇಶವಿತ್ತು. ಪಟ್ಟಿ ಚಿಕ್ಕದಿದ್ದಾಗ ಅಳಿಲಿಗೂ ಕುರ್ಚಿ ಸಿಗುತ್ತದೆ. ಇವತ್ತಿನ ಅಂಗಳ ಬೇರೆ.

ಇನ್ನೊಂದು ಮಾತು. ಫೇಕ್ ಔಟ್‌ನ ಆದ್ಯತೆ +3, ಫಾಲೋ ಮಿಯ ಆದ್ಯತೆ +2; ಆದ್ಯತೆ ಹೆಚ್ಚಿರುವ ಮೂವ್ ಮೊದಲು ನಡೆಯುತ್ತದೆ. ಮೊದಲ ಸರದಿಯಲ್ಲಿ ನನ್ನ ಇನ್‌ಸಿನೆರೋರ್ ನಿಮ್ಮ ಅಳಿಲಿನ ಕಪಾಳಕ್ಕೆ ಒಂದು ಬಾರಿಸುತ್ತದೆ, ಅದು ಬೆದರಿ ಸುಮ್ಮನೆ ನಿಲ್ಲುತ್ತದೆ, ಪಕ್ಕದಲ್ಲಿ ಗ್ಯಾರಡೋಸ್ ಬೂದಿಯಾಗುತ್ತದೆ. ಇದಕ್ಕೆ ಉತ್ತರ ಹೇಳಿ.

ಜನ ಸುಮ್ಮಸುಮ್ಮನೆ ಇನ್‌ಸಿನೆರೋರ್ ಆರಿಸುವುದಿಲ್ಲ. ಒಳಗೆ ಬಂದ ಕೂಡಲೇ ಇಂಟಿಮಿಡೇಟ್‌ನಿಂದ ಎದುರಿನ ಇಬ್ಬರ ದಾಳಿಯನ್ನೂ ತಗ್ಗಿಸುತ್ತದೆ, ಫೇಕ್ ಔಟ್ ಹೊಡೆಯುತ್ತದೆ, ಪಾರ್ಟಿಂಗ್ ಶಾಟ್ ಹಾಕಿ ಜಾಗ ಬಿಟ್ಟುಕೊಟ್ಟು, ಬೇಕಾದಾಗ ಮತ್ತೆ ಬಂದು ಅದನ್ನೇ ಮಾಡುತ್ತದೆ. ಎಲ್ಲರೂ ಆರಿಸುವುದಕ್ಕೆ ಕಾರಣ ಇರುವಂತೆ ಯಾರೂ ಆರಿಸದೆ ಇರುವುದಕ್ಕೂ ಕಾರಣ ಇರುತ್ತದೆ.

ಪಂದ್ಯ ಕಟ್ಟುತ್ತೇನೆ: ಪಚಿರಿಸು ನನ್ನ ವಿರುದ್ಧ ಒಂದು ಪಂದ್ಯ ಗೆದ್ದು ತೋರಿಸಿದರೆ ಅಮೀನಗಡದ ಕರದಂಟು ಒಂದು ಕಿಲೋ ನನ್ನ ಕಡೆಯಿಂದ.

ಇಂಡಿ ನಿಂಬೆ (ಇಂಡಿ)

ನಾನು ಹೊಸಬ, ತಪ್ಪಿದ್ದರೆ ತಿದ್ದಿ. ಒಂದನೇ ಲೆವೆಲ್‌ನ ರಟಾಟಾ ನೂರನೇ ಲೆವೆಲ್‌ನ ಪೊಕೆಮಾನನ್ನು ಬೀಳಿಸುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಅದನ್ನು ಭಾನುವಾರ ತರಬಹುದೇ?

ಕುಂದಾ (ಬೆಳಗಾವಿ)

ತಮ್ಮಾ, ತಂದರೂ ಪ್ರಯೋಜನವಿಲ್ಲ. ಈಗಿನ ಅಧಿಕೃತ ನಿಯಮದಲ್ಲಿ ಎಲ್ಲ ಪೊಕೆಮಾನ್‌ಗಳೂ 50ನೇ ಲೆವೆಲ್‌ಗೆ ಬಂದು ನಿಲ್ಲುತ್ತವೆ, ನಾವೂ ಅದೇ ನಿಯಮದಲ್ಲಿ ಆಡುತ್ತೇವೆ. ಸ್ಕಾರ್ಲೆಟ್-ವಯಲೆಟ್ ಆವೃತ್ತಿಯ ಆಟದಲ್ಲಂತೂ ರಟಾಟಾ ಇಲ್ಲವೇ ಇಲ್ಲ.

ಆದರೆ ಆ ಉಪಾಯ ತಿಳಿದುಕೊಳ್ಳುವಂಥದ್ದು. ರಟಾಟಾ ಕೈಯಲ್ಲಿ ಫೋಕಸ್ ಸ್ಯಾಶ್ ಇರುತ್ತದೆ. ಎಚ್‌ಪಿ ಪೂರ್ತಿ ಇದ್ದಾಗ ಎಂತಹ ಒಂದು ಏಟು ಬಿದ್ದರೂ 1 ಎಚ್‌ಪಿ ಉಳಿಯುತ್ತದೆ. ಆಮೇಲೆ ಎಂಡೆವರ್: ಎದುರಾಳಿಯ ಎಚ್‌ಪಿಯನ್ನೂ ತನ್ನ ಮಟ್ಟಕ್ಕೆ, ಅಂದರೆ 1ಕ್ಕೆ ಎಳೆದು ತರುತ್ತದೆ. ಮುಂದಿನ ಸರದಿಯಲ್ಲಿ ಕ್ವಿಕ್ ಅಟ್ಯಾಕ್. ಅದು ಆದ್ಯತೆಯ ಏಟು, ವೇಗದ ಲೆಕ್ಕವಿಲ್ಲದೆ ಮೊದಲು ತಾಗುತ್ತದೆ. ಕಥೆ ಮುಗಿಯಿತು. ಎದುರಿಗೆ ದೆವ್ವದ ಟೈಪ್ ಇದ್ದರೆ ಎರಡೂ ಏಟು ತಾಗುವುದಿಲ್ಲ. ಮರಳುಗಾಳಿ ಬೀಸುತ್ತಿದ್ದರೆ ಉಳಿದ ಆ ಒಂದು ಎಚ್‌ಪಿಯೂ ಹೋಗುತ್ತದೆ. ಸ್ಟೆಲ್ತ್ ರಾಕ್ ಎಂಬ ಕಲ್ಲುಗಳನ್ನು ಹಾಸಿದ್ದರೆ ಒಳಗೆ ಕಾಲಿಟ್ಟಾಗಲೇ ಪೆಟ್ಟು, ಸ್ಯಾಶ್ ವ್ಯರ್ಥ.

ಆ ಮರಳುಗಾಳಿಯನ್ನೇ ತನ್ನ ಕೆಲಸಕ್ಕೆ ಬಳಸಿಕೊಂಡದ್ದು ಆರೊನ್. ಸ್ಟರ್ಡಿ ಗುಣ ಇರುವುದರಿಂದ ಅದಕ್ಕೆ ಸ್ಯಾಶ್ ಬೇಕಿಲ್ಲ. ಉಕ್ಕು ಮತ್ತು ಕಲ್ಲಿನ ಮೈ, ಮರಳು ಅದನ್ನು ಮುಟ್ಟುವುದಿಲ್ಲ. ಎಂಡೆವರ್ ಹಾಕಿ ಸುಮ್ಮನಿದ್ದರೆ ಉಳಿದದ್ದನ್ನು ಗಾಳಿಯೇ ಮುಗಿಸುತ್ತಿತ್ತು.

ಹಿನ್ನೀರು (ಆಲಮಟ್ಟಿ)

ಲೆಕ್ಕ ಹಾಕಿದೆ.

ಪಚಿರಿಸು, 50ನೇ ಲೆವೆಲ್, ಇವಿ (ತರಬೇತಿಯಲ್ಲಿ ಹಂಚುವ ಅಂಕ) ಎಚ್‌ಪಿಗೆ 252, ರಕ್ಷಣೆಗೆ 252, ಉಳಿದ 4 ವಿಶೇಷ ರಕ್ಷಣೆಗೆ, ಸ್ವಭಾವ ರಕ್ಷಣೆ ಏರಿಸುವ ಇಂಪಿಶ್. ಬರುವುದು: ಎಚ್‌ಪಿ 167, ರಕ್ಷಣೆ 134, ವಿಶೇಷ ರಕ್ಷಣೆ 111. ಎದುರಿಗೆ ಮಿಂಚು ಮತ್ತು ಡ್ರ್ಯಾಗನ್ ಟೈಪ್‌ನ ರೇಜಿಂಗ್ ಬೋಲ್ಟ್, ವಿಶೇಷ ದಾಳಿಗೆ ಪೂರ್ತಿ ಇವಿ, ಅದನ್ನೇ ಏರಿಸುವ ಮಾಡೆಸ್ಟ್ ಸ್ವಭಾವ: 207. ಅದರ ಡ್ರೇಕೊ ಮೀಟಿಯರ್, ಬಲ ಏರಿಸುವ ಬಿಸಿಲಾಗಲಿ ಬೂಸ್ಟರ್ ಎನರ್ಜಿಯಾಗಲಿ ಇಲ್ಲದಿದ್ದರೆ, 136ರಿಂದ 162ರವರೆಗೆ ಪೆಟ್ಟು. ಪೆಟ್ಟು ಏರಿಳಿಯುವ ಅದೃಷ್ಟದ ಹದಿನಾರು ಮೆಟ್ಟಿಲುಗಳಲ್ಲಿ ಒಂದರಲ್ಲೂ ಅಳಿಲು ಸಾಯುವುದಿಲ್ಲ. ಅತಿ ಕೆಟ್ಟ ಮೆಟ್ಟಿಲಿನಲ್ಲೂ 5 ಎಚ್‌ಪಿ ಉಳಿಯುತ್ತದೆ, ಮೇಲೆ ಸಿಟ್ರಸ್ ಬೆರಿ 41 ಕೊಡುತ್ತದೆ.

ಫೇಕ್ ಔಟ್ ಪ್ರಶ್ನೆಗೆ ಉತ್ತರ: ಪಕ್ಕದಲ್ಲಿ ಫಾರಿಗಿರಾಫ್ ನಿಲ್ಲಿಸಿ. ಅದರ ಆರ್ಮರ್ ಟೇಲ್ ಗುಣ ಇರುವ ತನಕ ಎದುರಾಳಿಯ ಆದ್ಯತೆಯ ಏಟು ಅದಕ್ಕೂ ತಾಗುವುದಿಲ್ಲ, ಜೊತೆಯವರಿಗೂ ತಾಗುವುದಿಲ್ಲ.

ಈ ಮಾತನ್ನು ಬಾಗಲಕೋಟೆಯವರೂ ಓದುತ್ತಾರೆ ಎಂಬುದು ನನಗೆ ಗೊತ್ತು.

ಮುಧೋಳದ ಬೇಟೆ

ಓದಿದೆ. ಧನ್ಯವಾದ.

ಕೆಂಪು ಮಣ್ಣು (ಜಮಖಂಡಿ)

ನನಗೆ ವಯಸ್ಸು ಐವತ್ತೆಂಟು. ಈ ಆಟ ನನ್ನದಲ್ಲ, ಮಗನದು. ಅವನು ಆಡುವಾಗ ಪಕ್ಕದಲ್ಲಿ ಕುಳಿತು ನೋಡುತ್ತೇನೆ, ಆಗಾಗ ಬಯ್ಯುತ್ತೇನೆ. ನಿಮ್ಮ ಮಾತು ಓದಿ ನಮ್ಮ ತಂದೆ ನೆನಪಾದರು.

ಅವರು ಕುಸ್ತಿ ಆಡಿದವರು. ಈ ಭಾಗದ ಜಾತ್ರೆಗಳಲ್ಲಿ ಮಣ್ಣಿನ ಕುಸ್ತಿ ಹೇಗಿರುತ್ತಿತ್ತು ಎಂದು ಹಿರಿಯರಿಗೆ ಗೊತ್ತು. ಅವರ ಗರಡಿಯಲ್ಲಿ ಒಬ್ಬ ಎಡಚ ಇದ್ದನಂತೆ. ತೂಕ ಕಡಿಮೆ, ತೋಳು ಸಣ್ಣ. ಆದರೆ ಹೊರಗಿನ ಪೈಲ್ವಾನರು ಅವನ ಮುಂದೆ ತಡವರಿಸುತ್ತಿದ್ದರು. ಏಕೆಂದರೆ ಅವರು ಹಗಲೂ ರಾತ್ರಿ ತಾಲೀಮು ಮಾಡಿದ್ದು ಬಲಗೈಯವರ ಜೊತೆ. ಎಡಗೈ ಕುತ್ತಿಗೆಗೆ ಬಂದಾಗ ಅವರ ಕಾಲು ತಪ್ಪು ಕಡೆಗೆ ಸರಿಯುತ್ತಿತ್ತು. ಯೋಚಿಸಿ ಸರಿಸಿದ್ದಲ್ಲ, ರೂಢಿ ಸರಿಸಿದ್ದು. ಪಚಿರಿಸುವಿನ ಬಲವೂ ಅದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಯಾರೂ ಅದರ ಜೊತೆ ತಾಲೀಮು ಮಾಡಿಲ್ಲ.

ಕುಂದಾ

ಕಾಕಾ, ನಿಮ್ಮ ಮಾತು ತುಂಬಾ ಹಿಡಿಸಿತು. ಆದರೂ ಅರ್ಧ ಒಪ್ಪುತ್ತೇನೆ, ಅರ್ಧ ಜಗಳ ಆಡುತ್ತೇನೆ.

ಆ ಎಡಚ ಅದೇ ಪೈಲ್ವಾನನ ಜೊತೆ ಒಂದೇ ದಿನ ಮೂರು ಸಲ ಕುಸ್ತಿ ಹಿಡಿದರೆ ಏನಾಗುತ್ತಿತ್ತು? ಮೂರನೆಯ ಸಲ ಕಾಲು ಸರಿಯಾದ ಕಡೆಗೇ ಸರಿಯುತ್ತದೆ. ನಮ್ಮ ಪಂದ್ಯ ಮೂರು ಆಟಗಳದು. ಸ್ಕಾರ್ಲೆಟ್-ವಯಲೆಟ್ ಬಂದ ಮೇಲೆ ಅಧಿಕೃತ ಟೂರ್ನಿಗಳಲ್ಲಿ ತಂಡದ ಹಾಳೆಯನ್ನು ಮುಂಚೆಯೇ ಎದುರಾಳಿಗೆ ತೋರಿಸುತ್ತಾರೆ: ಹುಟ್ಟುಗುಣ, ಕೈಯಲ್ಲಿರುವ ವಸ್ತು, ನಾಲ್ಕು ಮೂವ್‌ಗಳು, ಟೆರಾ ಟೈಪ್ (ಆಟದ ನಡುವೆ ಒಮ್ಮೆ ತಾಳಬಹುದಾದ ಬೇರೆ ಟೈಪ್), ಎಲ್ಲವೂ. ಇವಿ, ಐವಿ (ಹುಟ್ಟಿನಿಂದ ಬಂದ ಅಂಕ), ಸ್ವಭಾವ ಮಾತ್ರ ಗುಟ್ಟು. ನಾವೂ ಹಾಗೆಯೇ ತೋರಿಸುತ್ತೇವೆ. ಈ ಪೊಕೆಮಾನ್ ಏನು ಮಾಡುತ್ತದೆ ಎಂಬುದು ತಿಳಿಯದೆ ಎದುರಾಳಿ ಬೆಚ್ಚಿಬೀಳುವ ಕಾಲ ಹೋಯಿತು. ಬೆಚ್ಚಿಬೀಳಿಸುವುದೊಂದೇ ಬಂಡವಾಳವಾದರೆ ಅಂತಹ ಪೊಕೆಮಾನ್ ಮೊದಲ ಆಟಕ್ಕೇ ದಿವಾಳಿ. ಗೊತ್ತಾದ ಮೇಲೂ ತಡೆಯಲು ಕಷ್ಟವಾಗುವ ಕೆಲಸ ಒಂದಿದ್ದರೆ ಮಾತ್ರ ಅದಕ್ಕೆ ಜಾಗ.

ನನ್ನ ಅನುಭವ ಹೇಳುತ್ತೇನೆ. ಒಂದು ವರ್ಷದಿಂದ ನಾನು ಆಡುತ್ತಿರುವುದು ಟಾರ್ಕೋಲ್ ಮತ್ತು ಒರಾಂಗುರು. ಟಾರ್ಕೋಲ್ ಗೊತ್ತಿರುವ ಆಮೆಯೇ, ಅದರಲ್ಲಿ ಹೊಸದೇನೂ ಇಲ್ಲ. ಒಳಗೆ ಬಂದ ಕೂಡಲೇ ಬಿಸಿಲು ತರುತ್ತದೆ. ಎಚ್‌ಪಿ ಪೂರ್ತಿ ಇದ್ದರೆ ಎರಪ್ಷನ್‌ನ ಶಕ್ತಿ 150, ಎದುರಿನ ಇಬ್ಬರಿಗೂ ತಾಗುತ್ತದೆ, ಬಿಸಿಲಿನಲ್ಲಿ ಬೆಂಕಿಗೆ ಒಂದೂವರೆ ಪಟ್ಟು. ಅದರ ಮೂಲ ವೇಗ 20. ವೇಗವನ್ನು ಇನ್ನೂ ತಗ್ಗಿಸುವ ಸ್ವಭಾವ ಕೊಟ್ಟು ಐವಿ ಸೊನ್ನೆ ಇಟ್ಟರೆ 50ನೇ ಲೆವೆಲ್‌ನಲ್ಲಿ 22. ಟ್ರಿಕ್ ರೂಮ್‌ನಲ್ಲಿ ನಿಧಾನವೇ ಮೊದಲು, ಹಾಗಾಗಿ ಆಮೆಯೇ ಮೊಲ.

ಟ್ರಿಕ್ ರೂಮ್ ಹಾಕಲು ಎಲ್ಲರೂ ಇಂಡೀಡಿ-ಹ್ಯಾಟರೀನ್ ಜೋಡಿಯನ್ನೋ ಫಾರಿಗಿರಾಫನ್ನೋ ತರುತ್ತಾರೆ. ನಾನು ಒರಾಂಗುರು ತರುವುದಕ್ಕೆ ಎರಡು ಕಾರಣ. ಮೊದಲನೆಯದು ಇನ್ನರ್ ಫೋಕಸ್ ಗುಣ. ಟ್ರಿಕ್ ರೂಮ್‌ನ ಆದ್ಯತೆ −7, ಸರದಿಯ ಕಟ್ಟಕಡೆಗೆ ಬರುತ್ತದೆ. ಅಷ್ಟರೊಳಗೆ ಯಾರಾದರೂ ಫೇಕ್ ಔಟ್ ಹೊಡೆದರೆ ಹೋಯಿತು. ಒರಾಂಗುರು ಬೆದರುವುದಿಲ್ಲ, ಏಟು ತಿಂದು ಬೀಸಣಿಗೆ ಆಡಿಸುತ್ತಾ ಟ್ರಿಕ್ ರೂಮ್ ಹಾಕುತ್ತದೆ. ಎರಡನೆಯದು ಇನ್‌ಸ್ಟ್ರಕ್ಟ್. ಈಗ ಮಾಡಿದ್ದನ್ನೇ ಇನ್ನೊಮ್ಮೆ ಮಾಡು ಎಂದು ಜೊತೆಗಾರನಿಗೆ ಅಪ್ಪಣೆ. ಒಂದೇ ಸರದಿಯಲ್ಲಿ ಎರಡು ಎರಪ್ಷನ್. ಇದು ಹಾಳೆಯಲ್ಲಿ ಬರೆದೇ ಇರುತ್ತದೆ, ಎಲ್ಲರಿಗೂ ಗೊತ್ತು. ಆದರೂ ಅರ್ಧ ತಂಡಗಳಿಗೆ ಉತ್ತರ ಸಿಗುವುದಿಲ್ಲ.

ಇನ್ನು ಮಣ್ಣು ಮುಕ್ಕಿದ ಕಥೆ, ಕೇಳಿದ್ದೀರಿ ಎಂದು ಹೇಳುತ್ತೇನೆ. ಎದುರಿಗೆ ಅಮೂಂಗಸ್ ನಿಂತಿತ್ತು. ಹುಲ್ಲು ಮತ್ತು ವಿಷದ ಟೈಪ್, ಬಿಸಿಲಿನ ಎರಪ್ಷನ್‌ಗೆ ಒಣ ಸೊಪ್ಪೆಯ ಹಾಗೆ ಉರಿಯುತ್ತದೆ ಎಂದುಕೊಂಡೆ. ಅವರು ಅದಕ್ಕೆ ಟೆರಾ ಮಾಡಿ ನೀರಿನ ಟೈಪ್‌ಗೆ ತಿರುಗಿಸಿದರು. ಮೊದಲ ಎರಪ್ಷನ್ ತಿಂದು ಉಳಿಯಿತು. ಈಗ ಯಾರ ಸರದಿ? ನನ್ನ ಒರಾಂಗುರುವಿನ ಅತಿ ಕಡಿಮೆ ವೇಗ 58. ಅಮೂಂಗಸ್‌ನದು 31. ಅಂದರೆ ಟ್ರಿಕ್ ರೂಮ್‌ನಲ್ಲಿ ನನ್ನ ಆಮೆಗೂ ನನ್ನ ಕೋತಿಗೂ ನಡುವೆ ಅಣಬೆ ನುಸುಳಿತು. ಸ್ಪೋರ್ ಬಿತ್ತು, ಒರಾಂಗುರು ಗೊರಕೆ ಹೊಡೆಯಿತು, ಎರಡನೆಯ ಎರಪ್ಷನ್ ಬರಲೇ ಇಲ್ಲ. ಟ್ರಿಕ್ ರೂಮ್ ಐದು ಸರದಿ ಎನ್ನುತ್ತಾರೆ, ಹಾಕಿದ ಸರದಿಯೂ ಅದರಲ್ಲೇ ಸೇರಿದೆ. ಕೈಗೆ ಸಿಗುವುದು ನಾಲ್ಕು. ನನ್ನ ನಾಲ್ಕರಲ್ಲಿ ಮೂರು ಗೊರಕೆಯಲ್ಲಿ ಕಳೆದವು. ಅಂದಿನಿಂದ ಒರಾಂಗುರುವಿಗೆ ಸೇಫ್ಟಿ ಗಾಗಲ್ಸ್ ಹಾಕಿಸಿದ್ದೇನೆ, ಅದು ಪುಡಿಯ ಮೂವ್‌ಗಳನ್ನು ತಡೆಯುತ್ತದೆ.

ಒಂದು ಎಚ್ಚರಿಕೆ. ಎರಪ್ಷನ್ ಎಚ್‌ಪಿ ಜೊತೆಗೆ ಇಳಿಯುತ್ತದೆ. ಟಾರ್ಕೋಲ್‌ಗೆ 177 ಎಚ್‌ಪಿ ಇದ್ದು 59ರ ಗೀರು ಬಿದ್ದರೆ ಶಕ್ತಿ 150ರಿಂದ 100ಕ್ಕೆ ಬರುತ್ತದೆ. ಸಣ್ಣ ಪೆಟ್ಟು ಎಂದು ಬಿಡುವ ಹಾಗಿಲ್ಲ.

ಕೆಂಪು ಮಣ್ಣು

ತಂಗಿ, ಹಾಳೆಯಲ್ಲಿ ಓದಿ ತಿಳಿಯುವುದು ಬೇರೆ, ಕೈಗೆ ರೂಢಿಯಾಗುವುದು ಬೇರೆ. ಪ್ರತಿ ಸರದಿಗೂ 45 ಸೆಕೆಂಡು ಮಾತ್ರ ಎಂದು ಮಗ ಹೇಳುತ್ತಾನೆ. 45 ಸೆಕೆಂಡಿನಲ್ಲಿ ಕಾಲು ರೂಢಿಯ ಕಡೆಗೇ ಸರಿಯುತ್ತದೆ. ನನ್ನ ಅರ್ಧವನ್ನು ನಾನು ಬಿಟ್ಟುಕೊಡುವುದಿಲ್ಲ.

ಕುಂದಾ

ಸರಿ ಕಾಕಾ, ಅರ್ಧ ನಿಮ್ಮದೇ.

ಇಳಕಲ್ ಸೆರಗು (ಇಳಕಲ್)

ಹಳೆಯದೊಂದು ನೆನಪು. ಐದನೆಯ ಪೀಳಿಗೆಯಲ್ಲಿ ವಿಮ್ಸಿಕಾಟ್ ಮತ್ತು ಟೆರಾಕಿಯನ್ ಜೋಡಿ ಆಡುತ್ತಿದ್ದರು. ವಿಮ್ಸಿಕಾಟ್ ತನ್ನ ಜೊತೆಗಾರನಿಗೇ ಬೀಟ್ ಅಪ್ ಹೊಡೆಯುತ್ತದೆ. ತಂಡದಲ್ಲಿ ನಾಲ್ವರೂ ಗಟ್ಟಿಯಾಗಿದ್ದರೆ ನಾಲ್ಕು ಏಟು. ಅದು ಕತ್ತಲ ಟೈಪ್‌ನ ಏಟು, ಟೆರಾಕಿಯನ್‌ನ ಜಸ್ಟಿಫೈಡ್ ಗುಣಕ್ಕೆ ಪ್ರತಿ ಏಟಿಗೂ ದಾಳಿ ಒಂದು ಮೆಟ್ಟಿಲು ಏರುತ್ತದೆ. ನಾಲ್ಕು ಮೆಟ್ಟಿಲು ಎಂದರೆ ದಾಳಿ ಮೂರು ಪಟ್ಟು. ನಮ್ಮವರಿಂದಲೇ ಏಟು ತಿಂದು ಸಿಟ್ಟಿಗೇಳುವುದು ನೋಡಿದರೆ ನನ್ನ ಇಬ್ಬರು ತಮ್ಮಂದಿರು ನೆನಪಾಗುತ್ತಾರೆ. ದೌರ್ಬಲ್ಯ ಎಲ್ಲರಿಗೂ ಕಾಣುತ್ತದೆ: ಟೆರಾಕಿಯನ್ ಎದುರು ಒಂದು ಪ್ರೊಟೆಕ್ಟ್ ಅಥವಾ ಒಂದು ಫಾಲೋ ಮಿ ಸಿಕ್ಕರೆ ಸಿಟ್ಟೆಲ್ಲ ಗಾಳಿಗೆ.

ಇನ್ನೊಂದು, ಬೆಳೆಯದ ಮರಿಗಳನ್ನು ಯಾಕೆ ಯಾರೂ ಹೇಳಲಿಲ್ಲ? ಡಸ್ಕ್‌ಕ್ಲಾಪ್ಸ್ ಬೆಳೆದರೆ ಡಸ್ಕ್‌ನಾಯರ್ ಆಗುತ್ತದೆ, ದೊಡ್ಡದಾಗುತ್ತದೆ. ಆದರೆ ಇವಿಯೊಲೈಟ್ ಎಂಬ ಕಲ್ಲು ಬೆಳೆಯದವರ ಕೈಯಲ್ಲಿದ್ದರೆ ಎರಡೂ ರಕ್ಷಣೆ ಒಂದೂವರೆ ಪಟ್ಟು. ಡಸ್ಕ್‌ಕ್ಲಾಪ್ಸ್‌ನ ಮೂಲ ರಕ್ಷಣೆಗಳು 130, 130. ಅದರ ಮೇಲೆ ಒಂದೂವರೆ ಪಟ್ಟು! ವೇಗ 25, ಟ್ರಿಕ್ ರೂಮ್ ಹಾಕಲು ಹೇಳಿ ಮಾಡಿಸಿದ್ದು. ದೊಡ್ಡವನಾಗು, ದೊಡ್ಡವನಾಗು ಎಂದು ಮನೆಯಲ್ಲಿ ಹೇಳುವವರಿಗೆ ಇದನ್ನು ತೋರಿಸಬೇಕು.

ಇಂಡಿ ನಿಂಬೆ

ಅಂಡರ್‌ಯೂಸ್ಡ್ ಎಂದು ಸ್ಮೋಗನ್ ಎಂಬ ಪೊಕೆಮಾನ್ ಜಾಲತಾಣದಲ್ಲಿ ಬರೆದಿರುತ್ತಾರಲ್ಲ, ಅದು ಕೆಟ್ಟ ಪೊಕೆಮಾನ್ ಎಂದೇ?

ಹಿನ್ನೀರು

ಅಲ್ಲ. ಅದು ಗುಣದ ಪಟ್ಟಿಯಲ್ಲ, ಬಳಕೆಯ ಪಟ್ಟಿ. ಅದೂ ಸಿಂಗಲ್ಸ್ ಆಟದ್ದು. ಮೇಲಿನ ದರ್ಜೆಗೆ ಬೇಕಾದ ಗೆರೆ 4.52 ಶೇಕಡಾ. ಆ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದರೆ, ಹದಿನೈದು ಆಟ ಆಡಿದರೆ ಆ ಪೊಕೆಮಾನ್ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಸರಿಯಾಗಿ ಅರ್ಧ ಇರಬೇಕು ಎಂಬ ಲೆಕ್ಕದಿಂದ. ಅದಕ್ಕಿಂತ ಮೊದಲು ಇಪ್ಪತ್ತು ಆಟಗಳ ಲೆಕ್ಕವಿತ್ತು, ಗೆರೆ 3.41 ಇತ್ತು. ಗೆರೆಯನ್ನು ಸರಿಸಿದರೆ ಪೊಕೆಮಾನ್ ಬದಲಾಗದೆಯೇ ಅದರ ದರ್ಜೆ ಬದಲಾಗುತ್ತದೆ.

ಜನ ಬಳಸದಿರಲು ನಿಜವಾದ ಕಾರಣ ಬಹಳ ಸಲ ಇಷ್ಟೇ: ಅದೇ ಕೆಲಸವನ್ನು ಇನ್ನೊಂದು ಸ್ವಲ್ಪ ಚೆನ್ನಾಗಿ ಮಾಡುತ್ತದೆ. ಅಳಿಲಿನ ಪ್ರಶ್ನೆಯನ್ನೂ ಹಾಗೆಯೇ ಕೇಳಿ. ಏಟು ಎಳೆದುಕೊಳ್ಳುವುದಕ್ಕೆ ಅಮೂಂಗಸ್ ಇದೆ, ಇಂಡೀಡಿ ಇದೆ. ಮಿಂಚು ಕುಡಿಯುವುದಕ್ಕೂ ಬೇರೆಯವರು ಇದ್ದಾರೆ. ತಾನೇ ಎಳೆದುಕೊಂಡು ತಾನೇ ಕುಡಿಯಬೇಕು, ಜೊತೆಗೆ ಸೂಪರ್ ಫ್ಯಾಂಗ್ ಹಾಕಿ ಎಂತಹ ಗೋಡೆಯ ಎಚ್‌ಪಿಯನ್ನೂ ಅರ್ಧ ಮಾಡಬೇಕು. ಇವೆಲ್ಲ ಒಂದೇ ಮೈಯಲ್ಲಿ ಬೇಕಿದ್ದರೆ ಮಾತ್ರ ಅಳಿಲು. ಮಿಂಚಿನ ಭಯವೇ ಇಲ್ಲದ ತಂಡದಲ್ಲಿ ಅದು ಶುದ್ಧ ಹೊರೆ.

ಮುಧೋಳದ ಬೇಟೆ

ಇಷ್ಟು ಹೊತ್ತಿಗೆ ಒಂದು ಸರಿಯಾದ ಮಾತು ಬಂತು. ಇನ್ನೊಂದು ಸೇರಿಸುತ್ತೇನೆ: ಫಾಲೋ ಮಿ ಎಳೆಯುವುದು ಒಂದೇ ಗುರಿಯ ಏಟುಗಳನ್ನು. ಇಬ್ಬರಿಗೂ ಒಟ್ಟಿಗೆ ತಾಗುವ ಎರಪ್ಷನ್, ರಾಕ್ ಸ್ಲೈಡ್, ಹೈಪರ್ ವಾಯ್ಸ್‌ಗಳ ಮುಂದೆ ಅಳಿಲು ಕೈ ಬೀಸುತ್ತಾ ನಿಂತಿರುತ್ತದೆ ಅಷ್ಟೇ.

ಗುಮ್ಮಟದ ಪಿಸುಮಾತು

ಎಲ್ಲ ಬರೆದುಕೊಂಡಿದ್ದೇನೆ. ತಂಡ ಹೀಗಿದೆ: ಪಚಿರಿಸು, ಗ್ಯಾರಡೋಸ್, ಫಾರಿಗಿರಾಫ್, ಉಳಿದ ಮೂರು ಭಾನುವಾರ ನೋಡಿ. ಇನ್‌ಸಿನೆರೋರ್ ಇಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಾಳೆ, ಒಂಬತ್ತು ಜನರಿಗೂ ಸಾಕು.

ಗುಮ್ಮಟದ ಪಿಸುಮಾತು, ಭಾನುವಾರ ರಾತ್ರಿ

ವಾಪಸ್ ಬಸ್ಸಿನಿಂದ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ರಸ್ತೆಯ ತಪ್ಪು.

ಒಟ್ಟು ನಾಲ್ಕು ಪಂದ್ಯ ಆಡಿದೆ. ಎರಡು ಸೋತೆ. ಕುಂದಾ ಅಕ್ಕನ ಆಮೆಯ ಮುಂದೆ ನನ್ನ ಅಳಿಲು, ಮುಧೋಳದ ಬೇಟೆ ಹೇಳಿದ ಹಾಗೆ, ಕೈ ಬೀಸುತ್ತಾ ನಿಂತಿತ್ತು, ಎರಡು ಎರಪ್ಷನ್‌ನಲ್ಲಿ ಎಲ್ಲವೂ ಬೂದಿ. ಅದರ ಬಗ್ಗೆ ಹೇಳುವುದೇನೂ ಇಲ್ಲ.

ಹೇಳಬೇಕಾದದ್ದು ಬೇಟೆಯ ಜೊತೆಗಿನ ಪಂದ್ಯ. ಮೊದಲ ಆಟದಲ್ಲಿ ಹಟಕ್ಕೆ ಬಿದ್ದು ಪಚಿರಿಸು ಮತ್ತು ಗ್ಯಾರಡೋಸ್ ಅನ್ನೇ ಮುಂದೆ ಬಿಟ್ಟೆ. ಅವನು ಫೇಕ್ ಔಟ್ ಅನ್ನು ಗ್ಯಾರಡೋಸ್ ಮೇಲೆ ಹಾಕುತ್ತಾನೆ ಎಂದು ಎಣಿಸಿದ್ದೆ. ಅಳಿಲಿನ ಮೇಲೇ ಹಾಕಿದ. ಅಳಿಲು ಬೆದರಿತು. ಗ್ಯಾರಡೋಸ್ ವಾಟರ್‌ಫಾಲ್‌ಗೆ ಸಿದ್ಧವಾಗುತ್ತಿತ್ತು, ರೇಜಿಂಗ್ ಬೋಲ್ಟ್‌ನ ಥಂಡರ್‌ಕ್ಲಾಪ್ ಅದಕ್ಕಿಂತ ಮೊದಲು ಬಂದು ನಾಲ್ಕು ಪಟ್ಟು ಬಡಿಯಿತು. ಸೋಮವಾರ ಬರೆದ ಮಾತನ್ನು ಭಾನುವಾರ ಅಕ್ಷರಶಃ ನಡೆಸಿಕೊಟ್ಟ. ಮಹಡಿಯ ಮೇಲೆ ಒಬ್ಬರೂ ನಗದೆ ಉಳಿಯಲಿಲ್ಲ.

ಎರಡನೆಯ ಆಟ. ಪಚಿರಿಸು ಜೊತೆ ಫಾರಿಗಿರಾಫ್ ಮುಂದೆ, ಗ್ಯಾರಡೋಸ್ ಹಿಂದೆ. ಈಗ ಅವನಿಗೆ ಫೇಕ್ ಔಟ್ ಇಲ್ಲ, ಥಂಡರ್‌ಕ್ಲಾಪ್ ಇಲ್ಲ, ಎರಡೂ ಆದ್ಯತೆಯ ಏಟುಗಳೇ. ಬೋಲ್ಟ್‌ನಿಂದ ಫಾರಿಗಿರಾಫ್‌ಗೆ ಡ್ರೇಕೊ ಮೀಟಿಯರ್ ಬಿಟ್ಟ, ಇನ್‌ಸಿನೆರೋರ್‌ನಿಂದ ಅದಕ್ಕೇ ಪಾರ್ಟಿಂಗ್ ಶಾಟ್. ಎರಡೂ ಅಳಿಲಿನ ಮೈಮೇಲೆ ಬಂದವು. 151 ಪೆಟ್ಟು. ಉಳಿದದ್ದು 16. ಬೆರಿ ತಿಂದು 57. ಪಾರ್ಟಿಂಗ್ ಶಾಟ್ ಬಂದು ಅಳಿಲಿನ ದಾಳಿಯನ್ನು ತಗ್ಗಿಸಿತು. ಇಲ್ಲದ ದಾಳಿಯನ್ನು! ಬೋಲ್ಟ್‌ನ ವಿಶೇಷ ದಾಳಿ ಮಾತ್ರ ಡ್ರೇಕೊ ಬಿಟ್ಟ ತಪ್ಪಿಗೆ ಎರಡು ಮೆಟ್ಟಿಲು ಇಳಿದಿತ್ತು. ಮುಂದಿನ ಸರದಿಗೆ ಬೋಲ್ಟ್ ಮೇಲೆ ಸೂಪರ್ ಫ್ಯಾಂಗ್, ಜೊತೆಗೆ ಫಾರಿಗಿರಾಫ್‌ನ ಹೈಪರ್ ವಾಯ್ಸ್. ಮೂರನೆಯ ಸರದಿಗೆ ಬೋಲ್ಟ್ ಮಲಗಿತು. ಅಷ್ಟರಲ್ಲಿ ಪಚಿರಿಸುವೂ ಹೋಗಿತ್ತು, ಆದರೆ ಗ್ಯಾರಡೋಸ್ ಒಳಗೆ ಬಂದಾಗ ಎದುರಿಗೆ ಮಿಂಚು ಹೊಡೆಯುವವರು ಯಾರೂ ಉಳಿದಿರಲಿಲ್ಲ.

ಮೂರನೆಯ ಆಟಕ್ಕೆ ಇಬ್ಬರೂ ನಾಲ್ಕು ನಾಲ್ಕು ಆರಿಸಿದೆವು. ಅವನು ಬಹಳ ಹೊತ್ತು ಪರದೆ ನೋಡಿದ. ಹಾಳೆ ಮುಂದೆಯೇ ಇತ್ತು, ಓದುವುದಕ್ಕೆ ಹೊಸದೇನೂ ಇರಲಿಲ್ಲ. ಕೊನೆಗೆ ರೇಜಿಂಗ್ ಬೋಲ್ಟ್ ಅನ್ನು ಹೊರಗೇ ಬಿಟ್ಟ. ಅವನು ಬಿಡುತ್ತಾನೆ ಎಂದು ನನಗೆ ಅನ್ನಿಸಿತ್ತು, ನಾನೂ ಪಚಿರಿಸುವನ್ನು ಹೊರಗೇ ಬಿಟ್ಟಿದ್ದೆ. ಗ್ಯಾರಡೋಸ್‌ಗೆ ಮಿಂಚಿನ ಭಯವಿಲ್ಲದ ಅಂಗಳ ಸಿಕ್ಕಿತು. ದಾಳಿ, ವೇಗ ಏರಿಸುವ ಡ್ರ್ಯಾಗನ್ ಡಾನ್ಸ್ ಎರಡು ಸಲ, ಆಮೇಲೆ ಕೇಳಬೇಡಿ. ಪಂದ್ಯ ನನ್ನದು, 2-1.

ಕರದಂಟು ಒಂದು ಕಿಲೋ.

ಮುಧೋಳದ ಬೇಟೆ

ನಿಲ್ಲಿ. ನಾನು ಬರೆದದ್ದು ಮೇಲೆ ಹಾಗೆಯೇ ಇದೆ: ಪಚಿರಿಸು ಗೆದ್ದು ತೋರಿಸಿದರೆ. ನಿರ್ಣಾಯಕ ಆಟದಲ್ಲಿ ಪಚಿರಿಸು ಅಂಗಳಕ್ಕೇ ಇಳಿಯಲಿಲ್ಲ. ಗೆದ್ದದ್ದು ಗ್ಯಾರಡೋಸ್.

ಇಳಕಲ್ ಸೆರಗು

ಇಳಿಯದೆಯೇ ನಿಮ್ಮ ಬೋಲ್ಟ್ ಅನ್ನು ಮನೆಯಲ್ಲಿ ಕೂರಿಸಿತಲ್ಲ ಅಣ್ಣ?

ಮುಧೋಳದ ಬೇಟೆ

ಕೂರಿಸಿದ್ದು ನಾನು.

ಕೆಂಪು ಮಣ್ಣು

ಕಾಲು ಯಾವ ಕಡೆಗೆ ಸರಿಯಿತು ನೋಡಿದೆಯಾ ತಮ್ಮಾ?

ಹಿನ್ನೀರು

ಅಳಿಲು ಆಡಿದ್ದು ಎರಡು ಆಟ, ಒಂದು ಗೆಲುವು, ಒಂದು ಸೋಲು. ಲೆಕ್ಕದ ಪ್ರಕಾರ ಅರ್ಧ ಕಿಲೋ.

ಮುಧೋಳದ ಬೇಟೆ

ಅರ್ಧ ಕಿಲೋಗೆ ಒಪ್ಪಿದೆ. ಬುಧವಾರ ಅಮೀನಗಡದ ಮೇಲೆ ಹೋಗುವುದಿದೆ, ತರುತ್ತೇನೆ. ಬೆಲ್ಲದ್ದೋ ಸಕ್ಕರೆಯದೋ?

ಗುಮ್ಮಟದ ಪಿಸುಮಾತು

ಬೆಲ್ಲದ್ದು. ಉಳಿದ ಅರ್ಧ ಕಿಲೋದ ಜಗಳ ಮುಂದಿನ ಸಲ.

ಇಂಡಿ ನಿಂಬೆ

ಮುಂದಿನ ಸಲ ನಾನೂ ಬರುತ್ತೇನೆ. ಡಸ್ಕ್‌ಕ್ಲಾಪ್ಸ್ ಬೆಳೆಸುತ್ತಿದ್ದೇನೆ. ಅಂದರೆ, ಬೆಳೆಯದ ಹಾಗೆ ನೋಡಿಕೊಳ್ಳುತ್ತಿದ್ದೇನೆ.